ಸಂಗೀತ, ಚಿತ್ರಕಲೆಯಿಂದ ಮನಸ್ಸು ಹಗುರಾಗುವುದು ನಿಜವೇ? ಹಾಗಾದರೆ ಮಾತ್ರೆ ಬಿಡಬಹುದೇ?

ದಿನಾ ಬೆಳಿಗ್ಗೆ ಇಂಥ ರಾಗ ಕೇಳಿದರೆ ಬಿಪಿ ತಾನಾಗಿಯೇ ಇಳಿಯುತ್ತದೆ. 528 ಹರ್ಟ್ಸ್ ನಾದ ಕೇಳಿದರೆ ಡಿಎನ್‌ಎ ಸರಿಹೋಗುತ್ತದೆ. ಗರ್ಭಿಣಿ ಮೊಜಾರ್ಟ್ ಸಂಗೀತ ಕೇಳಿದರೆ ಮಗು ಬುದ್ಧಿವಂತವಾಗುತ್ತದೆ. ಇಂಥ ಸಂದೇಶ ನಿಮ್ಮ ಒಂದಲ್ಲ ಒಂದು ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದಿರಬಹುದು. ಜೊತೆಗೆ ಒಂದು ಆಡಿಯೋ, ಅದರ ಕೊನೆಯಲ್ಲಿ "ಮಾತ್ರೆ ಬೇಕಿಲ್ಲ, ಖರ್ಚಿಲ್ಲ, ಎಲ್ಲರಿಗೂ ಕಳಿಸಿ" ಎಂಬ ಸಾಲು.

ಇಂಥ ಸಂದೇಶಗಳನ್ನು ಸುಳ್ಳು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ಆಗುವುದಿಲ್ಲ. ಸಂಗೀತ ಮತ್ತು ಚಿತ್ರಕಲೆಯಿಂದ ಮನಸ್ಸಿಗೆ ಪ್ರಯೋಜನವಿದೆ ಎಂಬುದಕ್ಕೆ ಒಳ್ಳೆಯ ಅಧ್ಯಯನಗಳ ಆಧಾರವಿದೆ. ತೊಂದರೆ ಇರುವುದು ಆ ನಿಜದ ಬಾಲಕ್ಕೆ ಕಟ್ಟಿದ ಸುಳ್ಳಿನಲ್ಲಿ. ಯಾವುದು ನಿಜ, ಯಾವುದು ಸುಳ್ಳು, ಮನೆಯಲ್ಲಿ ದಿನಾ ಏನು ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಒಂದೇ ನೋಟದಲ್ಲಿ

• ಇಷ್ಟದ ಹಾಡು ಕೇಳುವುದು, ಹಾಡುವುದು, ರಂಗೋಲಿ ಹಾಕುವುದು, ಬಣ್ಣ ಹಚ್ಚುವುದು ಇವು ಬೇಸರ ಮತ್ತು ಆತಂಕವನ್ನು ಸ್ವಲ್ಪ ಹೊತ್ತು ಕಡಿಮೆ ಮಾಡಬಲ್ಲವು: ನಿಜ.
• ಮೊಜಾರ್ಟ್ ಕೇಳಿದರೆ ಬುದ್ಧಿ ಹೆಚ್ಚುತ್ತದೆ: ಆಧಾರವಿಲ್ಲ.
• 432 ಅಥವಾ 528 ಹರ್ಟ್ಸ್‌ಗೆ ರೋಗ ಗುಣಪಡಿಸುವ ಶಕ್ತಿ ಇದೆ: ಸುಳ್ಳು.
• ರಾಗ ಕೇಳಿದರೆ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬಹುದು: ಸುಳ್ಳು, ಅಪಾಯಕಾರಿ.

ಹಾಡು ಕೇಳಿದಾಗ ನಮ್ಮೊಳಗೆ ಏನಾಗುತ್ತದೆ?

ಇಷ್ಟದ ಹಾಡಿನ ಒಂದು ಸಾಲು ಬಂದಾಗ ಮೈ ಜುಮ್ಮೆನ್ನುವುದು ನಮಗೆಲ್ಲ ಗೊತ್ತು. ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅನುಭವದ ಹಿಂದಿನ ಕಾರಣವನ್ನು ಹುಡುಕಿತು. ಜನ ತಮಗೆ ಮೈ ಜುಮ್ಮೆನಿಸುವ ಸಂಗೀತವನ್ನು ತಾವೇ ಆರಿಸಿ ತಂದರು. ಅದನ್ನು ಕೇಳುತ್ತಿರುವಾಗ ಅವರ ಮಿದುಳಿನ ಸ್ಕ್ಯಾನ್ ಮಾಡಲಾಯಿತು. ಆಗ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುವುದು ಕಂಡುಬಂತು. ರುಚಿಯಾದ ಊಟ ಮಾಡಿದಾಗ ಕೆಲಸ ಮಾಡುವುದೂ ಇದೇ ರಾಸಾಯನಿಕ.

ಇನ್ನೊಂದು ಅಂಶವೂ ಗೊತ್ತಾಯಿತು. ಆ ಇಷ್ಟದ ಸಾಲು ಬಂದಾಗ ಮಾತ್ರವಲ್ಲ, ಅದು ಇನ್ನೇನು ಬರಲಿದೆ ಎಂದು ಕಾಯುವ ಕ್ಷಣಗಳಲ್ಲೂ ಡೋಪಮಿನ್ ಹೊರಬರುತ್ತದೆ. ನೂರು ಸಲ ಕೇಳಿದ ಹಳೆಯ ಹಾಡನ್ನೇ ಮತ್ತೆ ಮತ್ತೆ ಹಾಕಬೇಕು ಎನಿಸುವುದಕ್ಕೆ ಇದೂ ಒಂದು ಕಾರಣ.

ಲಯಕ್ಕೂ ದೇಹಕ್ಕೂ ನಂಟಿದೆ. 2006ರಲ್ಲಿ "ಹಾರ್ಟ್" ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ 24 ಜನರಿಗೆ ಬೇರೆ ಬೇರೆ ಬಗೆಯ ಸಂಗೀತ ಕೇಳಿಸಲಾಯಿತು. ಅದರಲ್ಲಿ ಭಾರತೀಯ ರಾಗಸಂಗೀತವೂ ಇತ್ತು, ರ್‍ಯಾಪ್ ಸಂಗೀತವೂ ಇತ್ತು. ವೇಗದ ಸಂಗೀತಕ್ಕೆ ಉಸಿರಾಟ, ಎದೆಬಡಿತ, ರಕ್ತದೊತ್ತಡ ಏರಿದವು. ಸಂಗೀತ ಯಾವ ಬಗೆಯದು ಎನ್ನುವುದಕ್ಕಿಂತ ಅದರ ವೇಗ ಎಷ್ಟು ಎನ್ನುವುದೇ ಮುಖ್ಯವಾಗಿತ್ತು. ಸ್ವಾರಸ್ಯವೆಂದರೆ, ನಡುವೆ ಸಂಗೀತ ನಿಲ್ಲಿಸಿ ಎರಡು ನಿಮಿಷ ಮೌನ ಇಟ್ಟಾಗ ಎದೆಬಡಿತ ಮತ್ತು ರಕ್ತದೊತ್ತಡ ಮೊದಲಿಗಿಂತಲೂ ಕೆಳಗಿಳಿದವು.

ಅಂದರೆ ಸಂಗೀತ ದೇಹದ ಮೇಲೆ ಪರಿಣಾಮ ಬೀರುತ್ತದೆ. ಆದರೆ ಅಲ್ಲಿ ಅಳೆದದ್ದು ಆ ಹೊತ್ತಿನ ಏರಿಳಿತವನ್ನು. ಮೆಟ್ಟಿಲು ಹತ್ತಿದಾಗ ಬಿಪಿ ಏರುತ್ತದೆ, ಕುಳಿತು ಸುಧಾರಿಸಿಕೊಂಡಾಗ ಇಳಿಯುತ್ತದೆ. ಇದೂ ಅದೇ ಬಗೆಯದು. ರೋಗ ವಾಸಿಯಾಯಿತು ಎಂದು ಅದರ ಅರ್ಥವಲ್ಲ.

ಹೇಳಿಕೆ 1: ಮೊಜಾರ್ಟ್ ಕೇಳಿದ ಮಗು ಬುದ್ಧಿವಂತವಾಗುತ್ತದೆ

ಈ ಮಾತು ಹುಟ್ಟಿದ್ದು ಅಮೆರಿಕದಲ್ಲಿ. 1993ರಲ್ಲಿ "ನೇಚರ್" ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಪ್ರಕಟವಾಯಿತು. 36 ಕಾಲೇಜು ವಿದ್ಯಾರ್ಥಿಗಳು 10 ನಿಮಿಷ ಮೊಜಾರ್ಟ್‌ನ ಒಂದು ಪಿಯಾನೋ ಕೃತಿಯನ್ನು ಕೇಳಿದರು. ನಂತರ ಆಕಾರಗಳನ್ನು ಮನಸ್ಸಿನಲ್ಲೇ ಮಡಚಿ ತಿರುಗಿಸುವಂಥ ಲೆಕ್ಕಗಳಲ್ಲಿ ಸ್ವಲ್ಪ ಹೆಚ್ಚು ಅಂಕ ಪಡೆದರು. ಈ ಪ್ರಯೋಜನ ಉಳಿದದ್ದು 10ರಿಂದ 15 ನಿಮಿಷ ಮಾತ್ರ. ಅದರಲ್ಲಿ ಮಕ್ಕಳೂ ಇರಲಿಲ್ಲ, ಗರ್ಭಿಣಿಯರೂ ಇರಲಿಲ್ಲ.

ಆದರೆ ಸುದ್ದಿ ಬಾಯಿಂದ ಬಾಯಿಗೆ ಬೆಳೆಯಿತು. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಜೆಲ್ ಮಿಲ್ಲರ್, ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಕೊಡಲು ಬಜೆಟ್ಟಿನಲ್ಲಿ ಹಣ ಕೇಳಿದರು. ವಾಟ್ಸ್‌ಆ್ಯಪ್ ಹುಟ್ಟುವ ಮೊದಲೇ ಒಂದು ಫಾರ್ವರ್ಡ್ ಸರ್ಕಾರದ ಮಟ್ಟಕ್ಕೆ ಏರಿದ ಕಥೆ ಇದು. 2010ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 40 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದರು. ಮೊಜಾರ್ಟ್ ಸಂಗೀತಕ್ಕೆಂದೇ ವಿಶೇಷವಾದ ಶಕ್ತಿ ಕಾಣಲಿಲ್ಲ.

ಹಾಗಾದರೆ ಆ ವಿದ್ಯಾರ್ಥಿಗಳಿಗೆ ಅಂಕ ಹೆಚ್ಚಿದ್ದೇಕೆ? ನಂತರದ ಪ್ರಯೋಗಗಳು ಕೊಟ್ಟ ಉತ್ತರ ಸರಳ. ಲವಲವಿಕೆಯ ಸಂಗೀತದಿಂದ ಮನಸ್ಸು ಚುರುಕಾಗುತ್ತದೆ, ಚುರುಕಾದ ಮನಸ್ಸು ಸ್ವಲ್ಪ ಹೊತ್ತು ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೆ ಮೊಜಾರ್ಟ್ ಬೇಕೆಂದಿಲ್ಲ. ನಿಮಗೆ ಇಷ್ಟವಾದರೆ ಡಾ. ರಾಜ್‌ಕುಮಾರ್ ಹಾಡೂ ಆಗುತ್ತದೆ, ದಾಸರ ಪದವೂ ಆಗುತ್ತದೆ. ಗರ್ಭಿಣಿಗೆ ಸಂಗೀತ ಕೇಳುವುದರಿಂದ ನೆಮ್ಮದಿ ಸಿಗುವುದಾದರೆ ಧಾರಾಳವಾಗಿ ಕೇಳಲಿ. ಮಗುವಿನ ಬುದ್ಧಿಗಾಗಿ ಹೊಟ್ಟೆಯ ಮೇಲೆ ಹೆಡ್‌ಫೋನ್ ಇಡುವ ಅಗತ್ಯವಿಲ್ಲ.

ಹೇಳಿಕೆ 2: 432 ಅಥವಾ 528 ಹರ್ಟ್ಸ್ ನಾದ ರೋಗ ವಾಸಿ ಮಾಡುತ್ತದೆ

ಹರ್ಟ್ಸ್ ಎಂದರೆ ಒಂದು ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ. 528 ಹರ್ಟ್ಸ್ ಎಂದರೆ ಸೆಕೆಂಡಿಗೆ 528 ಕಂಪನ, ಅಷ್ಟೇ. ಸೆಕೆಂಡ್ ಎಂಬುದು ಮನುಷ್ಯರು ಮಾಡಿಕೊಂಡ ಅಳತೆ. ಸೆಕೆಂಡನ್ನು ಇನ್ನೂ ಸ್ವಲ್ಪ ದೊಡ್ಡದಾಗಿ ನಿಗದಿ ಮಾಡಿದ್ದರೆ ಇದೇ ನಾದದ ಸಂಖ್ಯೆ ಬೇರೆಯಾಗುತ್ತಿತ್ತು. ಆದ್ದರಿಂದ ಆ ಅಂಕಿಯಲ್ಲಿ ದೈವಿಕ ಗುಟ್ಟು ಅಡಗಿದೆ ಎಂಬ ಮಾತಿಗೆ ಅರ್ಥವಿಲ್ಲ. ಇನ್ನು ಡಿಎನ್‌ಎ ವಿಚಾರ. ಜೀವಕೋಶದೊಳಗೆ ಡಿಎನ್‌ಎಗೆ ಆಗುವ ಹಾನಿಯನ್ನು ಸರಿಪಡಿಸುವುದು ಕಿಣ್ವಗಳು. ಮೊಬೈಲ್ ಸ್ಪೀಕರಿನ ನಾದ ಆ ಕೆಲಸ ಮಾಡುವುದಿಲ್ಲ.

432 ಹರ್ಟ್ಸ್ ಕಥೆ ಇನ್ನೊಂದು. ಪಾಶ್ಚಾತ್ಯ ವಾದ್ಯಗಳನ್ನು ಶ್ರುತಿ ಮಾಡಲು ಎಲ್ಲರಿಗೂ ಒಂದೇ ಅಳತೆ ಇರಲಿ ಎಂದು 1939ರಲ್ಲಿ ಲಂಡನ್ನಿನಲ್ಲಿ ನಡೆದ ಅಂತಾರಾಷ್ಟ್ರೀಯ ಸಭೆ 440 ಹರ್ಟ್ಸ್ ಅನ್ನು ಒಪ್ಪಿತು. ಅದು ವಾದ್ಯ ತಯಾರಕರ ಮತ್ತು ವಾದಕರ ಅನುಕೂಲಕ್ಕೆ ಮಾಡಿದ ಏರ್ಪಾಡು. 440 ಮನಸ್ಸನ್ನು ಕೆಡಿಸುತ್ತದೆ, 432 ಗುಣಪಡಿಸುತ್ತದೆ ಎಂಬುದು ಆಮೇಲೆ ಕಟ್ಟಿದ ಕಥೆ.

ನಮ್ಮ ಸಂಗೀತವನ್ನೇ ನೋಡಿ. ಕರ್ನಾಟಕ ಸಂಗೀತದಲ್ಲಾಗಲಿ, ಹಿಂದೂಸ್ತಾನಿಯಲ್ಲಾಗಲಿ ಷಡ್ಜ ಎಲ್ಲರಿಗೂ ಒಂದೇ ಕಡೆ ಇರುವುದಿಲ್ಲ. ಗಾಯಕರು ತಮ್ಮ ಕಂಠಕ್ಕೆ ಹೊಂದುವ ಶ್ರುತಿ ಆರಿಸಿಕೊಂಡು ತಂಬೂರಿಯನ್ನು ಅದಕ್ಕೆ ಕೂಡಿಸುತ್ತಾರೆ. ಅದೇ ರಾಗವನ್ನು ಒಬ್ಬರು ಕೆಳಗಿನ ಶ್ರುತಿಯಲ್ಲಿ, ಇನ್ನೊಬ್ಬರು ಮೇಲಿನ ಶ್ರುತಿಯಲ್ಲಿ ಹಾಡುತ್ತಾರೆ. ಕೇಳುಗರಿಗೆ ಎರಡೂ ಹಿತ.

ಹೇಳಿಕೆ 3: ಇಂಥ ರಾಗಕ್ಕೆ ಇಂಥ ರೋಗ ವಾಸಿ

ರಾಗಕ್ಕೊಂದು ಭಾವ, ಅದನ್ನು ಹಾಡಲು ಒಂದು ಹೊತ್ತು ಎಂಬ ಕಲ್ಪನೆ ನಮ್ಮ ಸಂಗೀತ ಪರಂಪರೆಯಲ್ಲಿದೆ. ತಾನ್‌ಸೇನ್ ದೀಪಕ ರಾಗ ಹಾಡಿದಾಗ ದೀಪಗಳು ತಾವಾಗಿಯೇ ಹೊತ್ತಿಕೊಂಡವು, ಮುತ್ತುಸ್ವಾಮಿ ದೀಕ್ಷಿತರು ಅಮೃತವರ್ಷಿಣಿ ಹಾಡಿ ಮಳೆ ತರಿಸಿದರು ಎಂಬ ಐತಿಹ್ಯಗಳೂ ಇವೆ. ಈ ಕಥೆಗಳು ಸಂಗೀತದ ಮೇಲೆ ಜನರಿಗಿರುವ ಗೌರವವನ್ನು ಹೇಳುತ್ತವೆ. ಅವನ್ನು ಔಷಧದ ಚೀಟಿಯಂತೆ ಓದಬಾರದು. ರಾಗವೊಂದನ್ನು ಕೇಳಿದ್ದರಿಂದಲೇ ಅಧಿಕ ರಕ್ತದೊತ್ತಡ ಅಥವಾ ಮಧುಮೇಹ ವಾಸಿಯಾಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ.

ನಮಗೆ ಹೆಚ್ಚು ಚಿಂತೆ ಇರುವುದು ಇಲ್ಲಿಯೇ. ಹಾಡು ಕೇಳಿ ಮನಸ್ಸು ಹಗುರಾದರೆ ಅದು ತಕ್ಷಣ ಗೊತ್ತಾಗುತ್ತದೆ. ಬಿಪಿ ಏರಿದರೆ ಗೊತ್ತಾಗುವುದಿಲ್ಲ. ಅಧಿಕ ರಕ್ತದೊತ್ತಡಕ್ಕೆ ಬಹಳ ಮಂದಿಯಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ಆದ್ದರಿಂದ ಮಾತ್ರೆ ನಿಲ್ಲಿಸಿ ದಿನಾ ರಾಗ ಕೇಳುವ ಹಿರಿಯರಿಗೆ "ಈಗ ಎಷ್ಟೋ ಆರಾಮ ಇದೆ" ಎಂದೇ ಅನಿಸಬಹುದು. ಆ ಮಾತು ಸುಳ್ಳಲ್ಲ, ಅವರ ಮನಸ್ಸಿಗೆ ಆರಾಮವಾಗಿರುತ್ತದೆ. ಆದರೆ ಅದೇ ಹೊತ್ತಿಗೆ ಒತ್ತಡ ಏರುತ್ತಾ ಹೋಗಿ ಲಕ್ವ ಅಥವಾ ಹೃದಯಾಘಾತ ಆಗುವ ಸಾಧ್ಯತೆ ಹೆಚ್ಚುತ್ತದೆ. ಬಿಪಿ ಎಷ್ಟಿದೆ ಎಂದು ಹೇಳಬಲ್ಲದ್ದು ಬಿಪಿ ನೋಡುವ ಯಂತ್ರ ಮಾತ್ರ.

ಖಿನ್ನತೆಯ ಮಾತ್ರೆಗಳಿಗೂ ಇದೇ ಮಾತು. ವೈದ್ಯರನ್ನು ಕೇಳದೆ ದಿಢೀರ್ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ಚಡಪಡಿಕೆ ಬರಬಹುದು, ಖಿನ್ನತೆ ಮರುಕಳಿಸಬಹುದು. ಹಾಡು ಕೇಳಿ, ಮಾತ್ರೆಯನ್ನೂ ತೆಗೆದುಕೊಳ್ಳಿ. ಎರಡರ ನಡುವೆ ಜಗಳವಿಲ್ಲ.

ಆಸ್ಪತ್ರೆಗಳಲ್ಲಿ ಸಂಗೀತ ಬಳಸುವುದಿಲ್ಲವೇ?

ಬಳಸುತ್ತಾರೆ, ಔಷಧದ ಜೊತೆಗೆ. 2015ರಲ್ಲಿ "ಲ್ಯಾನ್ಸೆಟ್" ಪತ್ರಿಕೆಯಲ್ಲಿ 73 ಪ್ರಯೋಗಗಳ ಒಟ್ಟು ವಿಶ್ಲೇಷಣೆ ಪ್ರಕಟವಾಯಿತು. ಸುಮಾರು 7,000 ರೋಗಿಗಳ ಮಾಹಿತಿ ಅದರಲ್ಲಿತ್ತು. ಶಸ್ತ್ರಚಿಕಿತ್ಸೆಯ ಮೊದಲು, ನಡುವೆ ಅಥವಾ ನಂತರ ಸಂಗೀತ ಕೇಳಿದವರಲ್ಲಿ ನೋವು, ಆತಂಕ ಮತ್ತು ನೋವಿನ ಮಾತ್ರೆಯ ಅಗತ್ಯ ಕಡಿಮೆ ಇತ್ತು. ಆದರೆ ಅವರು ಆಸ್ಪತ್ರೆಯಿಂದ ಬೇಗ ಮನೆಗೆ ಹೋಗಲಿಲ್ಲ. ಸಂಗೀತ ಅನುಭವವನ್ನು ಸಹ್ಯ ಮಾಡಿತು, ಗಾಯ ಮಾಯುವ ವೇಗವನ್ನು ಬದಲಿಸಿದಂತೆ ಕಾಣಲಿಲ್ಲ.

ಖಿನ್ನತೆಯ ಬಗ್ಗೆ ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ 2017ರಲ್ಲಿ 9 ಅಧ್ಯಯನಗಳನ್ನು ಪರಿಶೀಲಿಸಿತು. ಎಂದಿನ ಚಿಕಿತ್ಸೆ ಮಾತ್ರ ಪಡೆದವರಿಗಿಂತ, ಅದರ ಜೊತೆಗೆ ಸಂಗೀತ ಚಿಕಿತ್ಸೆಯನ್ನೂ ಪಡೆದವರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆಯಾದವು. ಆದರೆ ಇದು ಕೆಲವು ತಿಂಗಳ ಅವಧಿಗೆ ಸಂಬಂಧಿಸಿದ ಮಾತು. "ಅದರ ಜೊತೆಗೆ" ಎಂಬ ಪದವನ್ನು ಗಮನಿಸಿ. ಫಾರ್ವರ್ಡ್ ಆಗುವಾಗ ಮೊದಲು ಬಿದ್ದುಹೋಗುವುದು ಈ ಪದವೇ.

ಇಲ್ಲಿ ಸಂಗೀತ ಚಿಕಿತ್ಸೆ ಎಂದರೆ ತರಬೇತಿ ಪಡೆದ ಚಿಕಿತ್ಸಕರು ರೋಗಿಯ ಜೊತೆ ಕುಳಿತು ನಡೆಸುವ ಕ್ರಮಬದ್ಧ ಕೆಲಸ. ಯೂಟ್ಯೂಬಿನಲ್ಲಿ ಸಿಗುವ "ಹೀಲಿಂಗ್ ಮ್ಯೂಸಿಕ್" ಅದಲ್ಲ.

ಚಿತ್ರ ಬರೆಯಲು ಬಾರದವರಿಗೂ ಪ್ರಯೋಜನವಿದೆಯೇ?

ಇದೆ. ಅಮೆರಿಕದ ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ವಯಸ್ಕರು 45 ನಿಮಿಷ ಜೇಡಿಮಣ್ಣು, ಬಣ್ಣದ ಪೆನ್ನು, ಕಾಗದದ ಚೂರುಗಳಿಂದ ತಮಗೆ ತೋಚಿದ್ದನ್ನು ಮಾಡಿದರು. ಕೆಲಸದ ಮೊದಲು ಮತ್ತು ನಂತರ ಅವರ ಎಂಜಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಎಷ್ಟಿದೆ ಎಂದು ನೋಡಲಾಯಿತು. ಸುಮಾರು 75% ಜನರಲ್ಲಿ ಅದು ಇಳಿದಿತ್ತು. ಕಲೆಯ ಅಭ್ಯಾಸ ಇದ್ದವರು, ಇಲ್ಲದವರು ಎಂಬ ವ್ಯತ್ಯಾಸ ಕಾಣಲಿಲ್ಲ. ಇದು ಚಿಕ್ಕ ಅಧ್ಯಯನ, ಸುಮ್ಮನೆ ಕುಳಿತಿದ್ದವರ ಜೊತೆ ಹೋಲಿಸಿ ನೋಡಿರಲಿಲ್ಲ. ಆದ್ದರಿಂದ 75% ಎಂಬ ಅಂಕಿಯನ್ನು ಕಲ್ಲಿನಲ್ಲಿ ಕೆತ್ತಿಡಬೇಕಿಲ್ಲ.

2005ರ ಇನ್ನೊಂದು ಅಧ್ಯಯನ ಹೋಲಿಕೆಯನ್ನೂ ಮಾಡಿತ್ತು. 84 ವಿದ್ಯಾರ್ಥಿಗಳಲ್ಲಿ ಕೆಲವರು ಮಂಡಲದಂಥ ವೃತ್ತಾಕಾರದ ವಿನ್ಯಾಸಕ್ಕೆ, ಕೆಲವರು ಚೌಕುಳಿ ವಿನ್ಯಾಸಕ್ಕೆ ಬಣ್ಣ ತುಂಬಿದರು. ಉಳಿದವರಿಗೆ ಬಿಳಿ ಹಾಳೆ ಕೊಟ್ಟು ಬೇಕಾದಂತೆ ಬಣ್ಣ ಹಚ್ಚಿ ಎನ್ನಲಾಯಿತು. ವಿನ್ಯಾಸಕ್ಕೆ ಬಣ್ಣ ತುಂಬಿದವರ ಆತಂಕ ಹೆಚ್ಚು ಇಳಿಯಿತು. ಮುಂದೇನು ಮಾಡಲಿ ಎಂದು ತಲೆ ಕೆಡಿಸಿಕೊಳ್ಳದೆ, ಕಣ್ಣು ಮತ್ತು ಕೈ ಒಂದೇ ಕಡೆ ನಿಲ್ಲುವಂಥ ಕೆಲಸ ಮನಸ್ಸಿಗೆ ವಿಶ್ರಾಂತಿ ಕೊಡುತ್ತದೆ ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು.

ನಮ್ಮ ಮನೆಗಳಲ್ಲಿ ಇಂಥ ಕೆಲಸ ಮೊದಲಿನಿಂದಲೂ ಇದೆ. ಚುಕ್ಕಿ ಇಟ್ಟು ಎಳೆ ಎಳೆಯುವ ರಂಗೋಲಿ, ಮಲೆನಾಡಿನ ದೀವರ ಮನೆಗಳ ಹಸೆ ಚಿತ್ತಾರ, ಕಸೂತಿ, ಹೂ ಕಟ್ಟುವುದು, ಕೌದಿ ಹೊಲಿಯುವುದು. ಇವೆಲ್ಲ ಕ್ರಮವಿರುವ, ಒಂದೇ ಬಗೆಯಲ್ಲಿ ಸಾಗುವ, ಕೊನೆಗೆ ಕಣ್ಣಿಗೆ ಕಾಣುವ ಫಲ ಕೊಡುವ ಕೆಲಸಗಳು. ದುಬಾರಿ ಕಲರಿಂಗ್ ಪುಸ್ತಕವನ್ನೇ ಕೊಳ್ಳಬೇಕೆಂದಿಲ್ಲ.

ಒಬ್ಬರೇ ಕೇಳುವುದು ಒಳ್ಳೆಯದೋ, ಒಟ್ಟಿಗೆ ಹಾಡುವುದೋ?

ಎರಡರ ಪ್ರಯೋಜನ ಬೇರೆ ಬೇರೆ. ಒಬ್ಬರೇ ಕೇಳಿದರೆ ಮನಸ್ಸು ಶಾಂತವಾಗುತ್ತದೆ. ಒಟ್ಟಿಗೆ ಹಾಡಿದರೆ ಅದರ ಜೊತೆಗೆ ಒಂಟಿತನವೂ ಕಡಿಮೆಯಾಗುತ್ತದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸದಾಗಿ ಶುರುವಾದ ಹಾಡಿನ ತರಗತಿಗಳನ್ನು ಕರಕುಶಲ ಮತ್ತು ಬರವಣಿಗೆಯ ತರಗತಿಗಳ ಜೊತೆ ಏಳು ತಿಂಗಳು ಹೋಲಿಸಿ ನೋಡಿದರು. ಕೊನೆಗೆ ಎಲ್ಲ ತರಗತಿಯವರಲ್ಲೂ ಸ್ನೇಹ ಬೆಳೆದಿತ್ತು. ಆದರೆ ಹಾಡುವವರ ನಡುವೆ ಅದು ಬಹಳ ಬೇಗ ಬೆಳೆಯಿತು.

ಊರಿನ ಭಜನಾ ಮಂಡಳಿ, ಮದುವೆಯ ಸೋಬಾನೆ, ಬೀಸುವ ಪದ, ನಾಟಿ ಪದ ಇವುಗಳ ಬೆಲೆ ಇಲ್ಲಿ ತಿಳಿಯುತ್ತದೆ. ರಾಗಿ ಬೀಸುವಾಗ, ಸಸಿ ನೆಡುವಾಗ ಹೆಂಗಸರು ಹಾಡುತ್ತಿದ್ದುದು ಕೇಳುಗರನ್ನು ಮೆಚ್ಚಿಸಲು ಅಲ್ಲ. ಲಯ ಕೈಗೆ ಜೊತೆಯಾಗುತ್ತಿತ್ತು, ಪಕ್ಕದವರ ದನಿ ಮನಸ್ಸಿಗೆ ಜೊತೆಯಾಗುತ್ತಿತ್ತು. ಈಗ ಬೀಸುಕಲ್ಲು ಹೋಗಿ ಮಿಕ್ಸಿ ಬಂದಿದೆ. ಹಾಡು ಕಿವಿಗೆ ಬಂತು, ಬಾಯಿಂದ ಹೋಯಿತು. ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಹಾಡಿನ ಲಿಂಕ್ ಕಳಿಸುವುದಕ್ಕಿಂತ, ಫೋನ್ ಮಾಡಿ "ಅಜ್ಜಿ, ಆ ಹಳೇ ಪದ ಒಂದ್ಸಲ ಹೇಳಿ" ಎಂದು ಕೇಳುವುದು ಮೇಲು.

ದುಃಖದ ಹಾಡು ಕೇಳಿದರೆ ಬೇಸರ ಹೆಚ್ಚುವುದಿಲ್ಲವೇ?

ಎಲ್ಲರಿಗೂ ಹಾಗಾಗುವುದಿಲ್ಲ. ಬಹಳ ಮಂದಿಗೆ ದುಃಖದ ಹಾಡು ಸಮಾಧಾನ ಕೊಡುತ್ತದೆ, ತಮ್ಮ ನೋವನ್ನು ಇನ್ಯಾರೋ ಹೇಳಿದಂತೆ ಅನಿಸುತ್ತದೆ. ಅತ್ತು ಹಗುರಾಗುವುದೂ ಉಂಟು. ಆದರೆ ಅದೇ ಹಾಡನ್ನು ಸುತ್ತಿ ಸುತ್ತಿ ಕೇಳುತ್ತಾ ಹಳೆಯ ನೋವನ್ನೇ ಕೆದಕುತ್ತಾ ಕುಳಿತರೆ ಬೇಸರ ಹೆಚ್ಚಬಹುದು. ಹಾಡು ಮುಗಿದ ಮೇಲೆ ಹೇಗಿದ್ದೀರಿ ಎಂದು ನೋಡಿಕೊಳ್ಳಿ. ಹಗುರಾಗಿದ್ದರೆ ಸರಿ, ಇನ್ನೂ ಭಾರವಾಗಿದ್ದರೆ ಆ ಹಾಡನ್ನು ಸ್ವಲ್ಪ ದಿನ ಬದಿಗಿಡಿ.

ದಿನಾ ಏನು ಮಾಡಬಹುದು?

1. ಹಾಡು ನಿಮ್ಮ ಆಯ್ಕೆಯದೇ ಆಗಿರಲಿ. ಯಾರೋ ಕಳಿಸಿದ ಆಡಿಯೋಗಿಂತ ನಿಮಗೆ ಇಷ್ಟವಾದ ಹಾಡು ಮನಸ್ಸನ್ನು ಬೇಗ ತಟ್ಟುತ್ತದೆ.

2. ಮನಸ್ಸು ಇದ್ದಲ್ಲಿಂದ ಶುರು ಮಾಡಿ. ತುಂಬಾ ಬೇಸರವಾಗಿರುವಾಗ ಕುಣಿಯುವ ಹಾಡು ಕಿರಿಕಿರಿ ಅನಿಸಬಹುದು. ಮೊದಲು ನಿಧಾನದ್ದು, ಆಮೇಲೆ ಸ್ವಲ್ಪ ಲವಲವಿಕೆಯದು ಕೇಳಿ. ಸಂಗೀತ ಚಿಕಿತ್ಸಕರೂ ಇದೇ ಕ್ರಮ ಬಳಸುತ್ತಾರೆ.

3. ಕೇಳುವಾಗ ಮೊಬೈಲ್ ಪರದೆ ಕೆಳಗೆ ಮಾಡಿಡಿ. ಹಾಡು ಕೇಳುತ್ತಾ ರೀಲ್ಸ್ ನೋಡಿದರೆ ಎರಡೂ ಇಲ್ಲ. ಹಾಡು ಮುಗಿದ ಮೇಲೆ ಎರಡು ನಿಮಿಷ ಸುಮ್ಮನಿರಿ.

4. ವಾರಕ್ಕೆ ಎರಡು ಮೂರು ಸಲವಾದರೂ ಕೈಗೆ ಕೆಲಸ ಕೊಡಿ. ರಂಗೋಲಿ, ಹೊಲಿಗೆ, ಬಣ್ಣ, ಮಣ್ಣು ಯಾವುದಾದರೂ ಸರಿ. ಚೆನ್ನಾಗಿ ಬಂತೇ ಎಂದು ನೋಡಬೇಡಿ. ಸ್ಟೇಟಸ್‌ಗೆ ಹಾಕಲೇಬೇಕು ಎಂದುಕೊಂಡರೆ ಅದೇ ಇನ್ನೊಂದು ಒತ್ತಡ.

5. ಬಾಯಿ ಬಿಟ್ಟು ಹಾಡಿ. ಒಗೆಯುವಾಗ, ಅಡುಗೆ ಮಾಡುವಾಗ, ಮಗುವನ್ನು ಮಲಗಿಸುವಾಗ. ಶ್ರುತಿ ತಪ್ಪಿದರೂ ಪ್ರಯೋಜನ ತಪ್ಪುವುದಿಲ್ಲ.

6. ಕಿವಿಯನ್ನು ಕಾಪಾಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ಇಯರ್‌ಫೋನ್ ಹಾಕಿದಾಗ ವಾಲ್ಯೂಮ್ ಅರ್ಧದ ಆಸುಪಾಸಿನಲ್ಲೇ ಇರಲಿ. ಹೀಗೆ ಹೋದ ಕೇಳುವ ಶಕ್ತಿ ಮತ್ತೆ ಬರುವುದಿಲ್ಲ.

ಯಾವಾಗ ಹಾಡು ಸಾಲದು?

ಎರಡು ವಾರಕ್ಕಿಂತ ಹೆಚ್ಚು ಕಾಲ ದಿನವಿಡೀ ಬೇಸರ, ಮೊದಲು ಇಷ್ಟವಿದ್ದ ಹಾಡೂ ಬೇಡ ಎನಿಸುವುದು, ನಿದ್ದೆ ಮತ್ತು ಹಸಿವು ಕೆಡುವುದು, ಯಾರ ಜೊತೆಗೂ ಮಾತು ಬೇಡ ಎನಿಸುವುದು ಖಿನ್ನತೆಯ ಲಕ್ಷಣಗಳಾಗಿರಬಹುದು. ಅಂಥವರಿಗೆ "ಒಳ್ಳೇ ಹಾಡು ಕೇಳು, ಸರಿಹೋಗ್ತೀಯ" ಎಂದು ಹೇಳಿ ಸುಮ್ಮನಾಗಬೇಡಿ. ವೈದ್ಯರ ಬಳಿ ಕರೆದುಕೊಂಡು ಹೋಗಿ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬದುಕುವುದೇ ಬೇಡ ಎಂಬ ಮಾತು ಬಂದರೆ ಅವರನ್ನು ಒಬ್ಬರೇ ಬಿಡಬೇಡಿ, ಕೂಡಲೇ ಸಹಾಯ ಪಡೆಯಿರಿ.

ತೀರ್ಮಾನ

ಸಂಗೀತ ಮತ್ತು ಕಲೆ ಮನಸ್ಸಿಗೆ ಹಿತ ಎಂಬ ಮಾತು ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2019ರಲ್ಲಿ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ನೋಡಿ, ಆರೋಗ್ಯದಲ್ಲಿ ಕಲೆಗೆ ಪಾತ್ರವಿದೆ ಎಂದು ವರದಿ ಕೊಟ್ಟಿದೆ. ಆ ಪಾತ್ರ ಔಷಧದ ಜಾಗದಲ್ಲಿ ಅಲ್ಲ, ಪಕ್ಕದಲ್ಲಿ. "ಮಾತ್ರೆ ಬಿಡಿ" ಎನ್ನುವ ಸಂದೇಶ ಎಷ್ಟೇ ಇಂಪಾದ ಹಾಡಿನ ಜೊತೆ ಬಂದರೂ ಅದು ತಪ್ಪು ಸಂದೇಶ.

ಅದನ್ನು ಕಳಿಸಿದವರು ಮನೆಯ ಹಿರಿಯರೇ ಆಗಿದ್ದರೆ ಗ್ರೂಪಿನಲ್ಲಿ ಎಲ್ಲರೆದುರು ತಿದ್ದುವುದು ಕಷ್ಟ. ಕೆಳಗಿನ ಸಾಲುಗಳನ್ನು ನಕಲು ಮಾಡಿ ಅವರಿಗೆ ಪ್ರತ್ಯೇಕವಾಗಿ ಕಳಿಸಬಹುದು:

"ಹಾಡು ಚೆನ್ನಾಗಿದೆ, ಕೇಳಿ ಮನಸ್ಸಿಗೆ ಹಿತ ಆಯ್ತು. ಆದರೆ ಹಾಡಿನಿಂದ ಬಿಪಿ, ಶುಗರ್ ವಾಸಿ ಆಗುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ಈ ವಾರ ಒಂದ್ಸಲ ಬಿಪಿ ಚೆಕ್ ಮಾಡಿಸೋಣ, ನಾನೇ ಜೊತೆಗೆ ಬರ್ತೀನಿ."